ಮುಗಿಯದ ಸಾಬೂನು

ನಾನು ಸೊಸೆಯಾಗಿ ಬಂದ ದಿನದಿಂದ ಮೊನ್ನೆ ಮೊನ್ನೆಯವರೆಗೆ, ಅಂದರೆ ನಲವತ್ತೊಂದು ವರ್ಷ, ನಮ್ಮ ಮನೆಯಲ್ಲಿ ಸಾಬೂನು ಒಮ್ಮೆಯೂ ಮುಗಿದಿರಲಿಲ್ಲ. ಹೊಸದು ತರುತ್ತಿರಲಿಲ್ಲ ಎಂದಲ್ಲ, ತರುತ್ತಿದ್ದೆವು. ಆದರೆ ಹಳೆಯದು ಉಗುರಿನಷ್ಟು ತೆಳ್ಳಗಾದಾಗ ಅದನ್ನು ಎಸೆಯದೆ, ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದೆವು. ಎರಡು ದಿನ ಕಳೆದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯದ ಹಾಗೆ ಕೂಡಿಕೊಳ್ಳುತ್ತಿತ್ತು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಮೊದಲನೆಯದರ ಸ್ವಲ್ಪ ಎರಡನೆಯದರಲ್ಲಿ, ಎರಡನೆಯದರ ಸ್ವಲ್ಪ ಮೂರನೆಯದರಲ್ಲಿ. ಮೊದಲನೆಯದು ಯಾವ ಕಾಲದ್ದೋ ನನಗೂ ಗೊತ್ತಿಲ್ಲ. ನಾನು ಬರುವಾಗಲೇ ಅದಕ್ಕೊಂದು ವಂಶ ಇತ್ತು.

ಇದು ನನ್ನ ಅತ್ತೆಯ ಪದ್ಧತಿ. ಅವರು ದೇವರ ಮುಂದೆ ಕಣ್ಣು ಮುಚ್ಚಿ ಕೂತದ್ದನ್ನು ನಾನು ನೋಡಿಲ್ಲ. ಕಾಳು ತೊಳೆದ ನೀರಿನಲ್ಲಿ ಪಾತ್ರೆ ನೆನೆಸುವರು, ಅದೇ ನೀರಿನಲ್ಲಿ ನೆಲ ಒರೆಸುವರು, ಒರೆಸಿದ ನೀರನ್ನು ಗಿಡದ ಬುಡಕ್ಕೆ ಹಾಕುವರು. ಹೊದಿಕೆ ಹರಿದರೆ ದಿಂಬಿನ ಚೀಲ, ಅದು ಹರಿದರೆ ಒರೆಸುವ ಬಟ್ಟೆ, ಅದೂ ನೂಲು ನೂಲಾದರೆ ಗಿಡವನ್ನು ಕೋಲಿಗೆ ಕಟ್ಟುವ ದಾರ. ಬಚ್ಚಲಿನ ನೀರಿಗೂ ಒಂದು ಕೊಳವೆ ಹಾಕಿಸಿ ಹಿಂದಿನ ತಾರಸಿಯಲ್ಲಿದ್ದ ಎರಡು ತೊಟ್ಟಿಗೆ ಬಿಟ್ಟಿದ್ದರು. ಒಂದರಲ್ಲಿ ಸೊಪ್ಪು, ಇನ್ನೊಂದರಲ್ಲಿ ಹುರುಳಿಕಾಯಿ ಬಳ್ಳಿ. ಇದೆಲ್ಲ ಮಾಡುವಾಗ ಮಾತಾಡುತ್ತಿರಲಿಲ್ಲ. ನಾನೇನಾದರೂ ಬಾಯಿ ಹಾಕಿದರೆ, "ಸುಮ್ನಿರೇ, ಕೈ ನೋಡ್ತಾ ಇದೀನಿ," ಎನ್ನುವರು. ಬಳಸುವಾಗ ಕಣ್ಣು ಬಿಟ್ಟುಕೊಂಡು ಬಳಸಬೇಕು, ಅವರ ಧ್ಯಾನವೆಲ್ಲ ಅಷ್ಟೇ.

ಅವರ ಬಲಗೈ ಮಾತ್ರ ನೋಡುವಂತಿರಲಿಲ್ಲ. ಹರೆಯದಲ್ಲಿ ನೂಲಿನ ಗಿರಣಿಯಲ್ಲಿ ದುಡಿಯುವಾಗ ಉಂಗುರದ ಬೆರಳು, ಕಿರುಬೆರಳು ಎರಡೂ ಯಂತ್ರಕ್ಕೆ ಸಿಕ್ಕಿ, ಮುಂದೆಂದೂ ನೆಟ್ಟಗಾಗದ ಹಾಗೆ ಅಂಗೈಯೊಳಗೆ ಮಡಚಿಕೊಂಡಿದ್ದವು. ಸಾಬೂನನ್ನು ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಹಿಡಿದು, ಮಡಚಿದ ಬೆರಳುಗಳ ಗೆಣ್ಣನ್ನು ಕೆಳಗಿನಿಂದ ಆನಿಸುತ್ತಿದ್ದರು. ಸ್ನಾನ ಮುಗಿದ ಮೇಲೆ ಅದನ್ನು ಬಚ್ಚಲಿನ ಕಲ್ಲುಕಟ್ಟೆಗೆ ಎರಡು ಸಲ ಬಡಿದು ನೀರು ಕೊಡವಿ, ಕರಗದಿರಲಿ ಎಂದು ಅಂಚಿನ ಮೇಲೆ ನಿಲ್ಲಿಸುವರು. ಟಕ್, ಟಕ್. ಆ ಸದ್ದು ಬಂತೆಂದರೆ ನಾನು ಒಲೆಯ ಮೇಲೆ ಚಹಾಕ್ಕೆ ಇಡುತ್ತಿದ್ದೆ.

ಅವರು ಹೋಗಿ ಹನ್ನೊಂದು ವರ್ಷವಾಯಿತು. ಹೋಗುವ ವಾರ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಕೇಳಿದ್ದರು.

"ನಾನು ಹೋದ್ಮೇಲೆ ನನ್ನ ಸೋಪಿನ ಚಕ್ಕೆ ಎಸೀತೀಯೇನೇ?"

"ಇಲ್ಲ ಅತ್ತೆ."

"ಮಾತು ಕೊಡು."

"ಎಸೆಯಲ್ಲ ಅಂದೆನಲ್ಲ. ಸುಮ್ನೆ ಮಲಕ್ಕೊಳ್ಳಿ."

ಅವರ ದೇಹವನ್ನು ಕೊನೆಗೆ ತೊಳೆದದ್ದು ನಾನೇ, ಅದೇ ಸಾಬೂನಿನಿಂದ. ತೊಳೆದಾದ ಮೇಲೆ ಚಕ್ಕೆಯೊಂದು ಉಳಿಯಿತು. ಮಾರನೆಯ ದಿನ ಹೊಸದಕ್ಕೆ ಅಂಟಿಸಿದೆ. ಆಗ ಏನೂ ಅನ್ನಿಸಲಿಲ್ಲ. ಕೈಗೆ ರೂಢಿ, ಕೈ ಮಾಡಿತು.

ನನ್ನ ಕಸುಬನ್ನೂ ಹೇಳಬೇಕು, ಏಕೆಂದರೆ ಮುಂದಿನದು ನನಗೆ ಕಂಡದ್ದು ಅದರಿಂದಲೇ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಹರಿದ ಬಟ್ಟೆಗೆ ರಫು ಹಾಕುವವಳು ನಾನು. ಅಕ್ಷರ ಕಲಿತದ್ದು ನಲವತ್ತೆಂಟನೆಯ ವಯಸ್ಸಿಗೆ, ರಾತ್ರಿಶಾಲೆಯಲ್ಲಿ. ಆದರೆ ಸವೆತವನ್ನು ಓದಲು ಅದಕ್ಕೂ ಬಹಳ ಮೊದಲೇ ಕಲಿತಿದ್ದೆ. ಎಡಜೇಬಿನ ಬಾಯಿ ಸವೆದಿದ್ದರೆ ಎಡಚ. ಮೊಣಕೈ ಸವೆದಿದ್ದರೆ ಮೇಜಿನ ಕೆಲಸದವನು. ಒಂದೇ ಗುಂಡಿಯ ಸುತ್ತ ಬಟ್ಟೆ ನವೆದಿದ್ದರೆ ಚಿಂತೆಯ ಮನುಷ್ಯ, ಮಾತಾಡುತ್ತ ಗುಂಡಿ ತಿರುವುವವನು. ಮುಖ ನೋಡದೆಯೇ ನಾನು ಜನರನ್ನು ಬಲ್ಲೆ.

ನನ್ನ ಯಜಮಾನರು ಅತ್ತೆಗಿಂತ ಮೊದಲೇ ಹೋದರು. ಈಗ ಮನೆಯಲ್ಲಿ ನಾನು, ಸೊಸೆ, ಮೊಮ್ಮಗಳು. ಮಗ ಸರಕಿನ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು. ಮೊಮ್ಮಗಳಿಗೆ ಆರು ವರ್ಷ. ಹುಟ್ಟಿದಾಗ ಚಿಟಿಕೆಯಷ್ಟಿದ್ದಳು, ಹಾಗಾಗಿ ಚಿಟಿಕೆ ಎಂದೇ ಹೆಸರು ನಿಂತುಬಿಟ್ಟಿದೆ. ತಾಯಿ ಮಗಳದು, ಮನೆಗೆ ಬಂದಾಗ ಮಗನದೂ, ಬಾಟಲಿಯ ದ್ರವದ ಸೋಪು, ನನ್ನದು ನನ್ನ ಹಳೆಯ ಸಾಬೂನು. ಹನ್ನೊಂದು ವರ್ಷ ಅದನ್ನು ಬಳಸಿದವಳು ನಾನೊಬ್ಬಳೇ.

ಈ ವರ್ಷದ ಮೊದಲಲ್ಲಿ ಒಂದು ಭಾನುವಾರ ಸೊಸೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಮ್ಮಾ, ಇವತ್ತಿಂದ ಬಾಟಲಿ ಸೋಪು ಬಂದ್. ನಾವಿಬ್ರೂ ನಿಮ್ಮ ಸೋಪೇ ಬಳಸ್ತೀವಿ."

"ಏನಾಯ್ತೇ ಇದ್ದಕ್ಕಿದ್ದಂಗೆ?"

"ಲ್ಯಾಬಲ್ಲಿ ದಿನಾ ಚುಚ್ಚಿ ಎಸಿ, ಚುಚ್ಚಿ ಎಸಿ. ಅಲ್ಲಿ ಬೇರೆ ದಾರಿ ಇಲ್ಲ, ಸರಿ. ಆದ್ರೆ ಮನೆಗೆ ಬಂದ್ರೂ ನನ್ನ ಕೈ ಎಸೀತಾನೇ ಇರುತ್ತೆ. ನೀವು ಆ ಒರೆಸೋ ಬಟ್ಟೆ ಹಿಂಡಿ ಒಣಗಿಸೋದು ನೋಡಿದ್ರೆ ಮನಸ್ಸು ತಣ್ಣಗಾಗುತ್ತೆ. ಇದು ಸಾಧನೆ ಅಮ್ಮ. ನಂಗೂ ಕಲಿಸಿ."

"ಸಾಧನೆನೋ ಜಿಪುಣತನನೋ, ನಿನ್ನ ಗಂಡನ್ನ ಕೇಳು ಹೇಳ್ತಾನೆ."

ನಕ್ಕೆವು. ಒಳಗೊಳಗೆ ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಅಂದೇ ಹೊಸ ಸಾಬೂನು ತೆಗೆದು, ಅಂಟಿಸುವುದು ಹೇಗೆಂದು ತೋರಿಸಿದೆ. ಸೊಸೆ ಉಸಿರು ಬಿಗಿಹಿಡಿದು ಚಕ್ಕೆಯನ್ನು ಒತ್ತಿದಳು. ಚಿಟಿಕೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು.

ಮೂರನೆಯ ದಿನ ಬೆಳಿಗ್ಗೆ ಸಾಬೂನನ್ನು ಕೈಗೆತ್ತಿಕೊಂಡವಳು ಹಾಗೇ ನಿಂತೆ.

ಮೂರು ಕೈ ಬಳಸುವ ಸಾಬೂನು ಯಾರೊಬ್ಬರ ಆಕಾರಕ್ಕೂ ಸವೆಯಬಾರದು. ಒಬ್ಬರ ಗುರುತನ್ನು ಇನ್ನೊಬ್ಬರದು ಅಳಿಸಬೇಕು. ಇದು ಹಾಗಿರಲಿಲ್ಲ. ಮೇಲೆ ಹೆಬ್ಬೆರಳಿನ ಒಂದು ಗುಳಿ. ಪಕ್ಕದಲ್ಲಿ ಎರಡೇ ಎರಡು ಬೆರಳಿನ ಜಾಡು. ಕೆಳಗೆ, ಬೆರಳು ಇರಬೇಕಾದಲ್ಲಿ, ಗೆಣ್ಣು ಊರಿದಂಥ ಎರಡು ದುಂಡು ತಗ್ಗು. ಪಕ್ಕದ ಮನೆಯವರ ಮುಖದಷ್ಟು ಪರಿಚಯದ ಕೈ.

ಇದು ಹನ್ನೊಂದು ವರ್ಷದಿಂದಲೂ ಹೀಗೇ ಇತ್ತೇನೋ. ನಾನೊಬ್ಬಳೇ ಬಳಸುತ್ತಿದ್ದ ವಸ್ತುವಿನ ಮೇಲೆ ಯಾರ ಗುರುತು ಎಂದು ಯಾಕೆ ಹುಡುಕಲಿ? ಬೆರಳಿನಿಂದ ಉಜ್ಜಿ ಗುಳಿಗಳನ್ನೆಲ್ಲ ಸಪಾಟು ಮಾಡಿಟ್ಟೆ. ಸಂಜೆ ಅಂಗಡಿಯಿಂದ ಬಂದು ನೋಡಿದರೆ ಮತ್ತೆ ಅಲ್ಲೇ ಇದ್ದವು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ.

ವಯಸ್ಸಾದವಳ ಕಣ್ಣು ಎಂದುಕೊಂಡು ಸುಮ್ಮನಾದೆ. ನಾನು ಬೇಗ ಹೆದರುವವಳಲ್ಲ, ಕಾದು ನೋಡುವವಳು. ಒಂದು ಹರಕು ಎಲ್ಲಿಯವರೆಗೆ ಹೋಗಿದೆಯೆಂದು ಗೊತ್ತಾಗುವ ಮುಂಚೆ ಸೂಜಿ ಹಾಕಬಾರದು.

ಒಂದು ವಾರದ ಮೇಲೆ ಶಾಲೆಗೆ ಹೊರಡುವ ಮೊದಲು ಚಿಟಿಕೆ ಸ್ನಾನಕ್ಕೆ ಹೋಗಿದ್ದಳು. ನಾನು ಅವಳ ಬಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಒಳಗಿಂದ ಸದ್ದು ಬಂತು. ಟಕ್, ಟಕ್. ನನ್ನ ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿತು, ಚಹಾಕ್ಕೆ ಇಡಲು. ಎರಡು ಹೆಜ್ಜೆ ಇಟ್ಟ ಮೇಲೆ ಎಚ್ಚರವಾಯಿತು.

ಬಾಗಿಲು ತೆರೆದೆ. ಸಾಬೂನು ಕಲ್ಲುಕಟ್ಟೆಯ ಮೇಲೆ ಅಂಚೂರಿ ನಿಂತಿತ್ತು.

"ಹಾಗೆ ಬಡಿಯೋದು ಯಾರು ಹೇಳಿಕೊಟ್ರೇ ನಿಂಗೆ?"

"ಯಾರೂ ಇಲ್ಲಪ್ಪ."

"ಮತ್ತೆ?"

"ಸೋಪು ಹಿಡ್ಕೊಂಡ್ರೆ ಅದೂ ನನ್ನ ಕೈ ಹಿಡ್ಕೊಳುತ್ತೆ ಅಜ್ಜಿ. ಹಿಂಗೆ ಮಾಡು ಅನ್ನುತ್ತೆ. ಬಾಯಲ್ಲಿ ಅಲ್ಲ." ಬೆನ್ನೊರೆಸುತ್ತಿದ್ದ ನನಗೆ ಅವಳು ಬಲಗೈ ಚಾಚಿ ತೋರಿಸಿದಳು. "ಈ ಎರಡು ಬೆರಳು ನಿದ್ದೆ ಮಾಡ್ಬಿಟ್ಟಿವೆ. ಎಬ್ಬಿಸಿದ್ರೂ ಏಳಲ್ಲ."

ಉಂಗುರದ ಬೆರಳು, ಕಿರುಬೆರಳು. ಎರಡೂ ಒಳಕ್ಕೆ ಬಾಗಿದ್ದವು. ಬಿಡಿಸಲು ನೋಡಿದೆ. ಕೂಸಿನ ಬೆರಳು, ಮೃದುವಾಗಿ ಬಿಚ್ಚಿಕೊಳ್ಳಬೇಕು. ಬಿಗಿಯಾಗಿ ಹಿಡಿದ ಹಗ್ಗದ ಹಾಗಿತ್ತು. ಇನ್ನೊಂದು ತುದಿಯಲ್ಲಿ ಯಾರೋ ಎಳೆದು ಹಿಡಿದಿದ್ದಾರೆ ಎಂಬ ಹಾಗೆ.

ಸೊಸೆ ಎರಡು ದಿನ ರಜೆ ಹಾಕಿ ಮೂಳೆ ಡಾಕ್ಟರಿಗೆ ತೋರಿಸಿದಳು, ನರದ ಡಾಕ್ಟರಿಗೆ ತೋರಿಸಿದಳು. ತಾನೇ ಮಗಳ ರಕ್ತ ತೆಗೆದು ಏನೇನೋ ಪರೀಕ್ಷೆ ಮಾಡಿಸಿದಳು. ಎಲ್ಲ ಸರಿಯಾಗಿದೆ ಎಂದು ಕಾಗದ ಬಂತು. "ಮನೆತನದಲ್ಲಿ ಯಾರಿಗಾದ್ರೂ ಇತ್ತಾ?" ಎಂದು ಡಾಕ್ಟರು ಕೇಳಿದರಂತೆ. ಇತ್ತು, ಆದರೆ ರಕ್ತದಲ್ಲಿ ಬಂದದ್ದಲ್ಲ, ಗಿರಣಿಯಲ್ಲಿ ಬಂದದ್ದು. ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಕಾಗದ ಹಿಡಿದುಕೊಂಡು ಸೊಸೆ ಮೆಟ್ಟಿಲ ಮೇಲೆ ಕೂತಳು. ಚಿಟಿಕೆ ಆಗ ತಾನೇ ಅಕ್ಷರ ತಿದ್ದಲು ಕಲಿಯುತ್ತಿದ್ದಳು. ಪೆನ್ಸಿಲು ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ಮಗು ಅಳಲಿಲ್ಲ. ಎಡಗೈಯಿಂದ ಎತ್ತಿ ಬಲಗೈಗೆ ಕೊಡುವಳು, ಮತ್ತೆ ಬೀಳುವುದು. ಅದನ್ನು ನೋಡಲಾರದೆ ನಾನು ಎಲ್ಲವನ್ನೂ ಸೊಸೆಗೆ ಹೇಳಿದೆ.

ಅವಳು ಸಾಬೂನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದೆ.

"ಅಮ್ಮ, ನಂಗೂ ಬೆಳಿಗ್ಗೆ ಸೂಜಿ ಹಿಡಿಯುವಾಗ ಕಿರುಬೆರಳು ಎಳೆದ ಹಾಗಾಗುತ್ತೆ. ನಿಮ್ಮ ಹತ್ರ ಹೇಳಿರ್ಲಿಲ್ಲ." ಆಮೇಲೆ ಮೆಲ್ಲಗೆ, "ಎಸೆದುಬಿಡೋಣ," ಎಂದಳು.

"ಎಸೆಯಲ್ಲ ಅಂತ ಮಾತು ಕೊಟ್ಟಿದೀನಿ."

"ನೀವು ಕೊಟ್ಟಿದೀರ. ನಾನು ಕೊಟ್ಟಿಲ್ವಲ್ಲ."

ಅವಳೇ ಅದನ್ನು ಕಾಗದದಲ್ಲಿ ಸುತ್ತಿ ಬೀದಿಯ ಕಸದ ಗಾಡಿಗೆ ಹಾಕಿ ಬಂದಳು. ಕೈ ತೊಳೆಯಲು ಸಾಬೂನಿಲ್ಲದೆ ಬೂದಿ ಹಚ್ಚಿ ತೊಳೆದುಕೊಂಡಳು. ಅರ್ಧ ಗಂಟೆಯಾಗಿರಲಿಲ್ಲ, ಬಾಗಿಲು ಬಡಿಯಿತು. ಎರಡು ಸಲ.

ಕಸದ ಗಾಡಿಯವಳು ನಿಂತಿದ್ದಳು. ಕೈಯಲ್ಲಿ ಅದೇ ಪೊಟ್ಟಣ.

"ಅಜ್ಜೀ, ಈ ಮನೆಯಿಂದ ತಿಂಗಳಿಗೊಂದು ಹಿಡಿ ಕಸ ಬರಲ್ಲ. ಇಷ್ಟು ಚೆನ್ನಾಗಿರೋ ಸೋಪು ನೀವು ಎಸೀತೀರಾ? ಕೈತಪ್ಪಿ ಬಿದ್ದಿರುತ್ತೆ ಅಂತ ಹುಡುಕಿ ತಂದೆ. ಏನ್ ಅಷ್ಟು ಮರೆವು ನಿಮ್ಗೆ?"

ಬೇರೆ ಯಾರ ಮನೆಯದಾಗಿದ್ದರೂ ಅದು ಗಾಡಿಯಲ್ಲೇ ಹೋಗುತ್ತಿತ್ತು. ನಮ್ಮ ಒಳ್ಳೆಯ ಹೆಸರೇ ಅದನ್ನು ನಡೆಸಿಕೊಂಡು ಮನೆಗೆ ತಂದಿತ್ತು. "ಮರೆವೇ ಕಣಮ್ಮ," ಎಂದು ತೆಗೆದುಕೊಂಡೆ. ಅವಳು ಹೋಗುವಾಗ ಬಲಗೈಯನ್ನು ಕೊಡವಿಕೊಂಡು, "ಥೂ, ಜೋಮು ಹಿಡೀತು," ಎಂದಳು.

ಆ ಮಧ್ಯಾಹ್ನ ಅಂಗಡಿಗೆ ಹೋಗಲಿಲ್ಲ. ಸಾಬೂನನ್ನು ಎದುರಿಗಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತೆ. ರಾತ್ರಿಶಾಲೆಯ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ವಾಕ್ಯ ಬರೆದ ಮೇಲೆ ಕೊನೆಗೆ ಚುಕ್ಕಿ ಇಡಬೇಕು, ಇಲ್ಲದಿದ್ದರೆ ಓದುವವರಿಗೆ ಉಸಿರು ಸಿಗುವುದಿಲ್ಲ. ನನಗೆ ಯಾವಾಗಲೂ ಚುಕ್ಕಿ ಮರೆಯುತ್ತಿತ್ತು. ಅತ್ತೆ ಕೇಳಿದ್ದು ಏನು? ಎಸೀತೀಯೇನೇ ಎಂದು. ನಾನು ಕೊಟ್ಟದ್ದು ಎಸೆಯಲ್ಲ ಎಂಬ ಮಾತು. ಸೇರಿಸುತ್ತಲೇ ಇರುತ್ತೇನೆ ಎಂದು ನಾನು ಹೇಳಿರಲಿಲ್ಲ, ನನ್ನ ಕೈ ಹೇಳಿತ್ತು. ಅದಕ್ಕೇ ಇರಬೇಕು, ಹನ್ನೊಂದು ವರ್ಷ ಆ ಹಿಡಿತ ನನ್ನ ಕೈಯನ್ನು ಮಾತ್ರ ಬಿಟ್ಟಿತ್ತು. ಅವರು ಎಲ್ಲವನ್ನೂ ಕೊನೆಯ ನೂಲಿನವರೆಗೆ ಬಳಸಿದರು. ಒರೆಸುವ ಬಟ್ಟೆ ದಾರವಾಗಿ, ದಾರ ಮಣ್ಣಾಗಿ ಹೋಗುವುದನ್ನು ನಾನೇ ಕಂಡಿದ್ದೆ. ಸಾಬೂನು ಒಂದನ್ನು ಮಾತ್ರ ಮುಗಿಯಲು ಬಿಟ್ಟಿರಲಿಲ್ಲ. ಅಷ್ಟು ಧೈರ್ಯದ ಹೆಂಗಸಿಗೆ ಅದೊಂದು ಅಂಜಿಕೆ ಎಲ್ಲೋ ಉಳಿದಿತ್ತು, ಅದನ್ನು ನಾನು ಹೊಸದಕ್ಕೆ ಹೊಸದಕ್ಕೆ ಅಂಟಿಸುತ್ತ ಬಂದಿದ್ದೆ.

"ಇದನ್ನ ಮುಗಿಸ್ತೀನಿ," ಎಂದೆ ಸೊಸೆಗೆ. "ನಾನೊಬ್ಳೇ. ನೀವಿಬ್ರೂ ಬೇರೆ ತಗೊಳ್ಳಿ. ಇದರದ್ದು ಒಂದು ಕಣನೂ ಅದಕ್ಕೆ ತಾಗಬಾರದು."

ಬಚ್ಚಲಿನಲ್ಲಿ ಕೂತು ಮನೆಯ ಬಟ್ಟೆಯನ್ನೆಲ್ಲ ಒಗೆದೆ. ಪರದೆ ಒಗೆದೆ, ಗೋಡೆ ತೊಳೆದೆ, ಬಾಗಿಲು ಕಿಟಕಿ ತೊಳೆದೆ. ನಾಲ್ಕು ದಿನವಾದರೂ ಸಾಬೂನು ಎಳ್ಳಷ್ಟೂ ಸವೆಯಲಿಲ್ಲ. ನೊರೆ ಬರುತ್ತಿತ್ತು, ಕೊಳೆ ಹೋಗುತ್ತಿತ್ತು, ಅದು ಮಾತ್ರ ಇದ್ದಷ್ಟೇ ಇತ್ತು. ನನ್ನ ಐದು ಬೆರಳಿನ ಹಿಡಿತದಿಂದ ಪ್ರತಿ ಸಲವೂ ಜಾರಿ, ಕಲ್ಲಿಗೆ ಎರಡು ಸಲ ಬಡಿದು ನಿಲ್ಲುತ್ತಿತ್ತು. ಅತ್ತ ಚಿಟಿಕೆಯ ಮಧ್ಯದ ಬೆರಳೂ ಬಾಗತೊಡಗಿತ್ತು.

ಐದನೆಯ ದಿನ ನನಗೆ ಅರ್ಥವಾಯಿತು. ಕಸುಬಿನವಳಿಗೆ ಮೊದಲೇ ಅರ್ಥವಾಗಬೇಕಿತ್ತು. ಹೊಸದು ಸೇರಿಸುವವರೆಗೆ ಯಾರ ಕೈಗಾದರೂ ಸವೆಯುತ್ತಿತ್ತು, ಮುಗಿಸಹೊರಟರೆ ಅದು ಒಂದೇ ಹಿಡಿತಕ್ಕೆ ಸವೆಯುತ್ತದೆ.

ಬಲಗೈಯ ಎರಡು ಬೆರಳನ್ನು ಅಂಗೈಯೊಳಗೆ ಮಡಚಿದೆ. ಹೆಬ್ಬೆರಳನ್ನು ಗುಳಿಯಲ್ಲಿಟ್ಟೆ, ಗೆಣ್ಣುಗಳನ್ನು ತಗ್ಗಿನಲ್ಲಿ ಆನಿಸಿದೆ. ಸರಿಯಾಗಿ ಕೂತಿತು, ಅಳತೆ ತೆಗೆದು ಹೊಲಿದ ಬಟ್ಟೆಯ ಹಾಗೆ. ನೀರು ಬೆಚ್ಚಗಿತ್ತು. ನನ್ನ ಕೈಯ ಮೇಲೆ ಇನ್ನೊಂದು ಕೈ ಮಾತ್ರ ತಣ್ಣಗಿತ್ತು.

"ಬನ್ನಿ ಅತ್ತೆ," ಎಂದೆ. "ಇಬ್ರೂ ಸೇರಿ ಮುಗಿಸೋಣ. ಎಸೆಯಲ್ಲ. ಕೊನೇತನಕ ಇಲ್ಲೇ ಇರ್ತೀನಿ."

ಅಂದು ಸಾಬೂನು ಒಂದು ಗೆರೆ ತೆಳ್ಳಗಾಯಿತು.

ಹದಿನಾರು ದಿನ ಹಿಡಿಯಿತು. ದಿನಾ ಬೆಳಿಗ್ಗೆ ಅವರಿಬ್ಬರೂ ಹೊರಟ ಮೇಲೆ ಬಚ್ಚಲಿನಲ್ಲಿ ಕೂರುತ್ತಿದ್ದೆ. ಮಾತಿಲ್ಲ, ಕೈ ನೋಡುವುದಷ್ಟೇ. ಬಾಗಿಲಾಚೆ ಕೆಲವೊಮ್ಮೆ ಯಾರೋ ಕಾಲೆಳೆದು ನಡೆದ ಹಾಗೆ ಕೇಳಿಸುತ್ತಿತ್ತು. ನಾನು ಏಳುತ್ತಿರಲಿಲ್ಲ. ಅತ್ತ ಮಗುವಿನ ಬೆರಳು ದಿನಕ್ಕೊಂದು ಎಳೆಯಷ್ಟು ಬಿಚ್ಚಿಕೊಂಡಿತು. ಇತ್ತ ನನ್ನವು ಬಚ್ಚಲಿಂದ ಎದ್ದ ಮೇಲೂ ಮಡಚಿಯೇ ಇರತೊಡಗಿದವು. ಮೊದಲು ಒಂದು ಗಳಿಗೆ, ಆಮೇಲೆ ಮಧ್ಯಾಹ್ನದವರೆಗೆ, ಆಮೇಲೆ ಇಡೀ ದಿನ. ಒಂದು ಬೆಳಿಗ್ಗೆ ಸೊಸೆ ನನ್ನ ಕೈ ನೋಡಿಬಿಟ್ಟಳು.

"ಸಾಕು ಅಮ್ಮ! ರಫು ಹಾಕೋ ಕೈ ಇದು. ನೀವು ಸೂಜಿ ಹೇಗೆ ಹಿಡೀತೀರ?"

"ಎರಡು ಬೆರಳು ಸಾಕು ಕಣೇ ಸೂಜಿಗೆ. ಮಿಕ್ಕಿದ್ದು ಬರೀ ಪ್ರೇಕ್ಷಕರು."

ಅವಳು ನಗಲಿಲ್ಲ. ಲ್ಯಾಬಿಗೆ ಹೋಗದೆ ಬಚ್ಚಲ ಹೊಸ್ತಿಲ ಮೇಲೆ ನನ್ನ ಜೊತೆ ಕೂತಳು.

ಕೊನೆಯ ದಿನ ಚಕ್ಕೆ ಮೀನಿನ ಹುರುಪೆಯಷ್ಟಿತ್ತು, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ. ಅಂಟಿಸಬೇಕಾದ ಗಳಿಗೆ ಅದೇ. ನನ್ನ ಕೈ ಹೊಸ ಸಾಬೂನಿಗಾಗಿ ಕಟ್ಟೆಯನ್ನು ತಡಕಿತು, ನಾನು ಬೇಡವೆಂದರೂ ತಡಕಿತು. ಸೊಸೆ ಆ ಕೈಯನ್ನು ಹಿಡಿದುಕೊಂಡಳು. ಹಿಡಿದವಳು ಬೆಚ್ಚಿದಳು. "ಎಷ್ಟು ತಣ್ಣಗಿದೆ," ಎಂದಳು, ಆದರೆ ಬಿಡಲಿಲ್ಲ.

ಚಕ್ಕೆಯ ಮೇಲೆ ನೀರು ಹಾಕುತ್ತ ಹೋದಳು. ಅಂಗೈಯಲ್ಲಿ ನೊರೆ, ನೊರೆಯಲ್ಲಿ ಗುಳ್ಳೆ, ಒಂದು ಗುಳ್ಳೆ, ಆಮೇಲೆ ಬರೀ ನೀರು. ನನ್ನ ಬೆರಳುಗಳ ಸುತ್ತಲಿನ ಹಿಡಿತ ಒಂದೊಂದೇ ಬಿಟ್ಟಿತು. ಕಿರುಬೆರಳಿನದು ಕೊನೆಗೆ. ನೀರು ಕೊಳವೆಯಲ್ಲಿ ಇಳಿದು ತಾರಸಿಯ ತೊಟ್ಟಿಗೆ ಬೀಳುವ ಸದ್ದು ಕೇಳಿತು. ಸಂಜೆ ಹೋಗಿ ನೋಡಿದಾಗ ಹುರುಳಿಬಳ್ಳಿಯ ಎರಡು ಕುಡಿ, ಕೋಲಿಗೆ ಸುತ್ತದೆ, ತಮ್ಮಷ್ಟಕ್ಕೆ ಒಳಕ್ಕೆ ಸುರುಳಿಗೊಂಡಿದ್ದವು. ಆ ಸಲದ ಕಾಯನ್ನು ನಾವು ತಿನ್ನಲಿಲ್ಲ, ಬಿತ್ತನೆಗೂ ಇಡಲಿಲ್ಲ, ಒಣಗಿ ಮಣ್ಣಾಗಲು ಬಿಟ್ಟೆವು.

ಚಿಟಿಕೆ ಈಗ ಎರಡು ಗೆರೆಯ ಪುಸ್ತಕದಲ್ಲಿ ಬರೆಯುತ್ತಾಳೆ. ಪ್ರತಿ ವಾಕ್ಯದ ಕೊನೆಗೂ ಪೆನ್ಸಿಲು ಒತ್ತಿ ಒತ್ತಿ ದಪ್ಪ ಚುಕ್ಕಿ ಇಡುತ್ತಾಳೆ. ನನ್ನ ಎರಡು ಬೆರಳು ನೆಟ್ಟಗಾಗಲಿಲ್ಲ. ಇದನ್ನೂ ಮೂರು ಬೆರಳಿನಲ್ಲೇ ಬರೆದದ್ದು, ಬಿಡಿಸಿದ ಲಕೋಟೆಗಳ ಒಳಬದಿಯಲ್ಲಿ. ಸಾಬೂನನ್ನು ನಾವು ಈಗ ಪೂರ್ತಿ ಮುಗಿಸುತ್ತೇವೆ. ಮುಗಿದದ್ದಕ್ಕೂ ಹೊಸದಕ್ಕೂ ನಡುವೆ ಒಂದು ದಿನ ಬರಿಯ ನೀರು. ಅದು ಸೊಸೆಯ ನಿಯಮ. ಆ ದಿನ ಅವಳು ಹೆಚ್ಚು ಮಾತಾಡುವುದಿಲ್ಲ, ಕಟ್ಟೆಯ ಮೇಲಿನ ಖಾಲಿ ಜಾಗವನ್ನು ನೋಡುತ್ತಿರುತ್ತಾಳೆ.

ಮೊನ್ನೆ ಬೆನ್ನುಜ್ಜಿ ಕೊಡುತ್ತ ಕೇಳಿದಳು. "ಅಮ್ಮ, ನಿಮ್ಮದು?"

"ನನ್ನ ಕೊನೇ ಸೋಪನ್ನ ನೀವೇ ಕೂತು ಮುಗಿಸಿ. ಎಸೀಬೇಡಿ, ಸೇರಿಸ್ಬೇಡಿ."

"ಮಾತು ಕೊಡ್ಬೇಕಾ?"

"ಬೇಡ್ವೇ ಬೇಡ. ಮಾತು ತಗೊಂಡು ಹೋದವರ ಪಾಡು ನೋಡಿದೀವಲ್ಲ."

ನಗುತ್ತ ಅವಳು ಹೊರಗೆ ಹೋದಳು. ನಾನು ಮೈ ಒರೆಸಿಕೊಂಡು ಸಾಬೂನನ್ನು ಅದರ ಜಾಗಕ್ಕೆ ಇಟ್ಟೆ. ಹೊಸದು, ಯಾರದೂ ತಾಗದ್ದು.

ಟಕ್, ಟಕ್.

ಪಕ್ಕದ ಕೋಣೆಯಲ್ಲಿ ಪೆನ್ಸಿಲು ನಿಂತಿತು. "ಅಜ್ಜೀ," ಎಂದು ಚಿಟಿಕೆ ಕೂಗಿದಳು. "ನೀನೇನಾ?"

ಕಟ್ಟೆಯ ಮೇಲೆ ಅಂಚೂರಿ ನಿಂತ ಸಾಬೂನನ್ನೂ ನನ್ನ ಕೈಯನ್ನೂ ನೋಡಿದೆ.

"ಹೂಂ ಕಣೇ," ಎಂದೆ. "ನಾನೇ."